ಮ್ಯಾಂಗನೀಸ್ ಖಂಡಪ್ಪ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ "ಮಾಸ್ತರು ನಾಟಕ ಮಾಡಾಕತ್ತಾರ" ಎಂದು ನೀವು ಆಡಿಕೊಳ್ಳುತ್ತೀರಿ. ಮೂವತ್ತೊಂದು ವರ್ಷ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು ನಾನು, ಸುರಪುರದ ತಿಮ್ಮಣ್ಣ. ನನ್ನ ಕೈಯಲ್ಲಿ ಕಲಿತವರು ಕಂಪೌಂಡರ್ ಆಗಿದ್ದಾರೆ, ಲೈನ್‌ಮನ್ ಆಗಿದ್ದಾರೆ, ಒಬ್ಬನಂತೂ ಯಾದಗಿರಿಯಲ್ಲಿ ಹಲ್ಲಿನ ಡಾಕ್ಟರಾಗಿ ನನ್ನದೇ ಎರಡು ಹಲ್ಲು ಕಿತ್ತಿದ್ದಾನೆ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಪಾಠ ತಪ್ಪಾಗಿ ಮಾಡಿದೆ. ನೋಡಿ ನನ್ನ ನಸೀಬು, ಸರಿಯಾಗಿ ಮಾಡಿದ ಪಾಠ ಒಂದೂ ಯಾರಿಗೂ ನೆನಪಿಲ್ಲ. ಆ ತಪ್ಪು ಪಾಠ ಮಾತ್ರ ಮಕ್ಕಳಿಂದ ಅಪ್ಪಂದಿರಿಗೆ, ಅಪ್ಪಂದಿರಿಂದ ಊರಿಗೆಲ್ಲ ಬಾಯಿಪಾಠವಾಯಿತು.

ಊರ ಹೆಸರು ಬೇಡ, ಇನ್ನೂ ಅಲ್ಲೇ ಬಾಳುವೆ ಮಾಡುವವರಿದ್ದಾರೆ. ಸಗರದ ಆಚೆಗಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಅಲ್ಲಿಗೆ ಕಾಲುವೆ ನೀರು ಬಂದು ಏಳೆಂಟು ವರ್ಷವಾಗಿತ್ತು. ನೀರಿನ ಜೊತೆಗೆ ಜಗಳವೂ ಬಂದಿತ್ತು. ಮುಂಚೆ ಮಳೆ ಬಾರದಿದ್ದರೆ ಜನ ಮೇಲೆ ನೋಡಿ ದೇವರನ್ನು ಬೈಯುತ್ತಿದ್ದರು. ಈಗ ನೀರು ಬಾರದಿದ್ದರೆ ಬೈಯಲು ಪಕ್ಕದ ಹೊಲದವನೇ ಇದ್ದ. ಬೈಗುಳಕ್ಕೆ ತಿರುಗಿ ಬೈಯುವವನು ಸಿಕ್ಕ ಮೇಲೆ ಕೇಳಬೇಕೆ, ನಮ್ಮ ಜನ ಬಲು ಹುರುಪಿನಿಂದಿದ್ದರು.

ಆ ಊರ ಪ್ರೌಢಶಾಲೆಯಲ್ಲಿ ಖಂಡಪ್ಪ ಜವಾನನಾಗಿದ್ದ. ಗಂಟೆ ಬಾರಿಸುವುದು, ಕಸ ಗುಡಿಸುವುದು, ನನ್ನ ಪ್ರಯೋಗಶಾಲೆಯ ಎರಡು ಕಪಾಟು ಒರೆಸುವುದು ಅವನ ಕೆಲಸ. ನಲವತ್ತು ದಾಟಿತ್ತು. ಉದ್ದ ಆಳು, ಅಗಲ ಮೀಸೆ, ಮೊಣಕೈ ಹತ್ತಿರ ಸವೆದ ಖಾಕಿ ಅಂಗಿ. ಅವನ ಅಪ್ಪ ಅದೇ ಕಾಲುವೆ ಅಗೆಯಲು ಗುದ್ದಲಿ ಹಿಡಿದು, ನೀರು ಬರುವ ಮೊದಲೇ ತೀರಿಕೊಂಡಿದ್ದ. ಅವ್ವ ಸತ್ತು ಐದು ವರ್ಷವಾಗಿತ್ತು. ಇದ್ದದ್ದು ಒಂದು ಮನೆ, ತೂಬಿನ ಕಟ್ಟಕಡೆಗೆ ಎರಡು ಎಕರೆ ಹೊಲ, ಆ ಹೊಲಕ್ಕೆ ಮಂಗಳವಾರ ಮುಂಜಾನೆ ಮೂರು ತಾಸು ನೀರಿನ ಪಾಳಿ. ಲಗ್ನವಾಗಿರಲಿಲ್ಲ. ಮೂರು ಕಡೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರಂತೆ. ಮೂರೂ ಕಡೆ ಅವನು ಅವಲಕ್ಕಿ ತಿಂದು, ಚಹಾ ಕುಡಿದು, ಒಂದು ಮಾತೂ ಆಡದೆ ಎದ್ದು ಬಂದದ್ದರಿಂದ ಹುಡುಗ ಮೂಗ ಎಂದು ಹೇಳಿ ಕಳಿಸಿದ್ದರು. ಮೂಗನೇನಲ್ಲ. ಮಾತು ಅವನಿಗೆ ದುಬಾರಿ, ಅಷ್ಟೆ.

ಒಂದು ಸಾರೆ ಶ್ರಾವಣದಲ್ಲಿ ತೂಬಿನ ಹತ್ತಿರ ದೊಡ್ಡ ಗದ್ದಲವೆದ್ದಿತು. ತಲೆಗಡೆಯ ಹೊಲ ಈಶಪ್ಪ ಸಾಹುಕಾರನದು, ನೆಲ್ಲು ಹಚ್ಚಿದ್ದ. ಅವನ ಕೆಳಗೆ ಸುಲ್ತಾನಸಾಬನ ಮೆಣಸಿನಕಾಯಿ. ಇಬ್ಬರ ಕೈಯಲ್ಲೂ ಸಲಿಕೆ. ನಾಲ್ಕಕ್ಷರ ಕಲಿತವನೆಂದು ನನ್ನನ್ನು ಕರೆಸಿದರು. ನಾನು ಛತ್ರಿ ಹಿಡಿಯಲು ಖಂಡಪ್ಪನನ್ನು ಕರೆದುಕೊಂಡು ಹೋದೆ.

"ನನ್ನ ನೆಲ್ಲು ಒಣಗಾಕತ್ತದ, ನಿನ್ನ ಮೆಣಸಿನ ಗಿಡ ನಾಕು ದಿನ ತಡೀತಾವ!" ಎಂದು ಈಶಪ್ಪ ಕೂಗುತ್ತಿದ್ದ.

"ತಡೀತಾವಂತ! ಅವೇನು ನಿಮ್ಮ ಮನಿ ಸೊಸೆಂದಿರೇನ್ರಿ ಸಾಹುಕಾರ್ರ, ಎಲ್ಲಾ ತಡ್ಕೊಂಡು ಕೂಡ್ರಾಕ?" ಎಂದು ಸುಲ್ತಾನಸಾಬ.

ನಾನು ಕಾಲುವೆಯ ದಂಡೆಯ ಮೇಲೆ ನಿಂತು ಶಾಂತಿ, ಸಹಬಾಳ್ವೆ ಎಂದು ಭಾಷಣ ಹೊಂದಿಸಿಕೊಳ್ಳುತ್ತಿದ್ದೆ. ಖಂಡಪ್ಪ ಕೆಳಗಿಳಿದು ತೂಬಿನ ಕಟ್ಟೆಯ ಮೇಲೆ ಕುಳಿತ. ಮೂರು ಮಂದಿಯೂ ಏನೋ ಗುಸುಗುಸು ಮಾಡಿದಂತಾಯಿತು, ಖಂಡಪ್ಪ ಗೋಣು ಹಾಕಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸಲಿಕೆಗಳು ಹೆಗಲಿಗೇರಿದ್ದವು. ಸುಲ್ತಾನಸಾಬ ಈಶಪ್ಪನಿಗೆ ಬೀಡಿ ಕೊಡುತ್ತಿದ್ದ. ಅಷ್ಟು ಚೆಂದದ ಭಾಷಣ ಹಾಳಾಯಿತಲ್ಲ ಎಂದು ನನಗೆ ಸಿಟ್ಟೇ ಬಂತು.

ಮರುದಿನ ಹತ್ತನೆಯ ತರಗತಿಯಲ್ಲಿ ಆಮ್ಲಜನಕದ ಪಾಠ. ಪೊಟ್ಯಾಸಿಯಮ್ ಕ್ಲೋರೇಟನ್ನು ಬರಿದೇ ಕಾಸಿದರೆ ಆಮ್ಲಜನಕ ಬರಲು ಬಹಳ ಹೊತ್ತು ಬೇಕು. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕರಿ ಪುಡಿ ಬೆರೆಸಿದರೆ ಬೇಗನೆ ಬರುತ್ತದೆ. ಇಂಥ ವಸ್ತುವಿಗೆ ಕ್ರಿಯಾವರ್ಧಕ ಎನ್ನುತ್ತಾರೆ ಎಂದು ಹೇಳಿದೆ.

"ಆ ಕರಿ ಪುಡಿ ಏನು ಮಾಡ್ತದ್ರಿ ಸರ?" ಎಂದು ಒಬ್ಬಳು ಕೇಳಿದಳು.

"ಏನೂ ಮಾಡಂಗಿಲ್ಲ. ಸುಮ್ಮನ ಕೂಡ್ರತದ. ಅದು ಖರ್ಚಾಗಂಗಿಲ್ಲ, ಬದಲಾಗಂಗಿಲ್ಲ. ಕೆಲಸ ಮುಗಿದ ಮ್ಯಾಲ ಇದ್ದದ್ದು ಇದ್ದಂಗ ಸಿಗ್ತದ" ಎಂದೆ. ಯಾರಿಗೂ ತಿಳಿಯಲಿಲ್ಲ. ಕಿಟಕಿಯಾಚೆ ಖಂಡಪ್ಪ ಗಂಟೆ ಬಾರಿಸಲು ಹೊರಟಿದ್ದ. "ನೋಡ್ರಿ, ನಮ್ಮ ಖಂಡಪ್ಪನಂಗ! ನಿನ್ನೆ ತೂಬಿನ ಮ್ಯಾಲ ಹೋಗಿ ಕುಂತ, ಜಗಳ ಹರೀತು. ಅವ ಏನಾರ ಮಾಡಿದನೇನು? ಏನಾರ ಖರ್ಚಾದನೇನು?" ತರಗತಿಗೆ ತರಗತಿಯೇ "ಹೋ" ಎಂದಿತು. ಎಲ್ಲರಿಗೂ ತಿಳಿಯಿತು. ಅಂಥ ಆನಂದ ಮಾಸ್ತರನಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ವಾರ ಕಳೆಯುವುದರೊಳಗೆ ಅವನು ಮ್ಯಾಂಗನೀಸ್ ಖಂಡಪ್ಪನಾದ. ಅಣ್ಣತಮ್ಮಂದಿರು ಪಾಲಾಗುವಾಗ ಅವನನ್ನು ಒಯ್ದು ಕೂಡಿಸಿದರು, ಒಂದೇ ಹೊತ್ತಿನಲ್ಲಿ ಪಾಲಾಯಿತು. ಲಗ್ನದ ಮಾತುಕತೆ ಮುರಿಯುವಂತಾದಾಗ ನಡುವೆ ಕೂಡಿಸಿದರು, ಬೀಗರು ಎಲೆ ಅಡಿಕೆ ಬದಲಿಸಿಕೊಂಡರು. ಅತ್ತೆ ಸೊಸೆಯರ ಜಗಳಕ್ಕೂ ಕರೆಯತೊಡಗಿದರು. ಅವನದು ಒಂದೇ ಪದ್ಧತಿ: ಹೋಗುವುದು, ಚಕ್ಕಳಮಕ್ಕಳ ಹಾಕಿ ಕೂಡುವುದು, ಕೊನೆಗೆ ಒಮ್ಮೆ ಗೋಣು ಹಾಕುವುದು. ಗೋಣು ಹಾಕಿದನೆಂದರೆ ಫೈಸಲಾ ಆಯಿತು ಎಂದೇ ಲೆಕ್ಕ.

ಬೋನಾಳದಲ್ಲಿ ಕೆರೆಯ ಮೀನು ಹಿಡಿಯುವವರ ನಡುವೆ ತಕರಾರು ಎದ್ದಾಗ ಟ್ರ್ಯಾಕ್ಟರ್ ತಂದು ಅವನನ್ನು ಎತ್ತಿಕೊಂಡು ಹೋದರು. ಕೆಂಭಾವಿ ಸಂತೆಯಲ್ಲಿ ಕಟ್ಟೆಯ ಜಾಗಕ್ಕಾಗಿ ಉಳ್ಳಾಗಡ್ಡಿಯವರಿಗೂ ಬೆಲ್ಲದವರಿಗೂ ಹತ್ತಿದಾಗಲೂ ಅವನೇ ಬೇಕಾಯಿತು. ಒಮ್ಮೆ ಒಂದೇ ದಿನ ಎರಡು ಊರವರು ಬಂದರು. ಒಂದೂರಿಗೆ ಅವನು ಹೋದ, ಇನ್ನೊಂದೂರಿಗೆ ಅವನ ಟವೆಲ್ ಕೊಟ್ಟು ಕಳಿಸಿದೆವು. ಟವೆಲ್ ಕುರ್ಚಿಯ ಮೇಲೆ ಹಾಸಿ ಮಾತಾಡಿದರಂತೆ. ಅರ್ಧ ರಾಜಿಯಾಯಿತು, ಉಳಿದರ್ಧಕ್ಕೆ ಆಳೇ ಬೇಕು ಎಂದು ಚೀಟಿ ಬರೆದರು.

ಶಾಲೆಯ ಜವಾನ ಹೀಗೆ ಊರೂರು ತಿರುಗಿದರೆ ಹೇಗೆ ಎಂದು ಹೆಡ್ಮಾಸ್ತರರು ತಕರಾರು ತೆಗೆದರು. ಅದಕ್ಕೂ ನಾನೇ ಉಪಾಯ ಮಾಡಿದೆ. ಪ್ರಯೋಗಶಾಲೆಯ ಸಾಮಾನಿನ ರಿಜಿಸ್ಟರಿನಲ್ಲಿ "ಪ್ರನಾಳ – ೧೪" ಮತ್ತು "ಸ್ಪಿರಿಟ್ ದೀಪ – ೨, ಒಂದು ಒಡೆದಿದೆ" ಎಂಬ ಎರಡು ಸಾಲುಗಳ ನಡುವೆ "ಖಂಡಪ್ಪ – ೧ – ಸುಸ್ಥಿತಿ" ಎಂದು ಬರೆದೆ. ಒಯ್ಯುವವರು ಸಹಿ ಮಾಡಿ ಒಯ್ಯಬೇಕು, ಸಂಜೆಯೊಳಗೆ ಮರಳಿಸಬೇಕು. ಆ ವರ್ಷ ತಪಾಸಣೆಗೆ ಬಂದ ಸಾಹೇಬರು ಸಾಲು ಸಾಲಾಗಿ ಎಣಿಸುತ್ತ ಬಂದು, ಖಂಡಪ್ಪನ ಮುಂದೆ ನಿಂತು, "ಇದು ಒಡೆದಿಲ್ಲ ಹೌದಲ್ಲೋ?" ಎಂದು ಕೇಳಿ, ಟಿಕ್ ಹಾಕಿ, ಮುಂದಿನ ಕಪಾಟಿಗೆ ಹೋದರು. ಖಂಡಪ್ಪ ಅವರಿಗೂ ಗೋಣು ಹಾಕಿದ.

ಇಷ್ಟಕ್ಕೇ ನಿಂತಿದ್ದರೆ ನಗುವ ಮಾತಾಗುತ್ತಿತ್ತು. ಆದರೆ ನನ್ನ ಪಾಠದ ಇನ್ನರ್ಧವೂ ಊರಿಗೆ ಚೆನ್ನಾಗಿ ನೆನಪಿತ್ತು: ಅದು ಬದಲಾಗುವುದಿಲ್ಲ. ಹಾಗಾದರೆ ಬದಲಾಗಬಾರದು, ಬದಲಾದರೆ ಕೆಲಸ ಕೆಟ್ಟೀತು ಎಂದು ಜನ ಅರ್ಥ ಮಾಡಿಕೊಂಡರು. ಕ್ಷೌರದವನು ಅವನ ಮೀಸೆ ಮುಟ್ಟಲೊಲ್ಲ. "ಮೀಸಿ ತಗದ ಮ್ಯಾಲ ತಾಕತ್ತು ಹೋದ್ರ ಜವಾಬ್ದಾರಿ ಯಾರು ಹೊರ್ತೀರಿ?" ಎಂದ. ಹೊಸ ಖಾಕಿ ಅಂಗಿ ಬಂದರೆ ಹೆಡ್ಮಾಸ್ತರರು ಅದನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು, ಹರಿದದ್ದನ್ನೇ ಹೊಲಿಸಿ ತೊಡಿಸಿದರು. ಒಂದು ಸಾರೆ ಅವನಿಗೆ ಜ್ವರ ಬಂದಾಗ ಊರು ಕಂಗಾಲಾಯಿತು. ಶಹಾಪುರದಿಂದ ಇಬ್ಬರು ಡಾಕ್ಟರು, ಸಗರದಿಂದ ಒಬ್ಬ ಹಕೀಮ, ಮೂವರನ್ನೂ ಒಂದೇ ದಿನ ತಂದರು. ಮೂವರೂ ಮೂರು ಔಷಧ ಬರೆದು ಒಬ್ಬರ ಮೇಲೊಬ್ಬರು ಏರಿ ಹೋದರು. ಕೊನೆಗೆ ರೋಗಿಯನ್ನೇ ಎಬ್ಬಿಸಿ ನಡುವೆ ಕೂಡಿಸಿ ರಾಜಿ ಮಾಡಿಸಬೇಕಾಯಿತು.

ನಾಲ್ಕು ವರ್ಷ ಹೀಗೇ ನಡೆಯಿತು. ಐದನೆಯ ವರ್ಷ ಮಹಾನವಮಿ ಮುಗಿದ ಮೇಲೆ, ಒಂದು ಮಧ್ಯಾಹ್ನ ನಾನು ಪ್ರಶ್ನೆಪತ್ರಿಕೆ ಬರೆಯುತ್ತ ಕೂತಿದ್ದಾಗ ಖಂಡಪ್ಪ ಬಂದು ಬಾಗಿಲಲ್ಲಿ ನಿಂತ. ನಿಂತೇ ಇದ್ದ. "ಏನೋ?" ಎಂದು ಗದರಿದೆ.

"ಸರ, ನಾ ಲಗ್ನ ಆಗ್ತೀನ್ರಿ."

ಅವನ ಬಾಯಿಂದ ಒಂದೇ ಉಸಿರಿಗೆ ಅಷ್ಟು ಶಬ್ದ ನಾನು ಕೇಳಿರಲಿಲ್ಲ. ಪೆನ್ನು ಕೆಳಗಿಟ್ಟೆ. ಹೆಣ್ಣು ಯಾರೆಂದರೆ ಹಂಪಮ್ಮ, ಬಸ್ ನಿಲ್ಲುವ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮಿರ್ಚಿ ಭಜಿ ಕರಿಯುವವಳು. ಗಂಡ ತೀರಿ ಒಂಬತ್ತು ವರ್ಷ. ಬಾಯಿ ಅಂದರೆ ಬಾಯಿ, ಕಂಡಕ್ಟರುಗಳೂ ಅವಳಿಗೆ ಹೆದರಿ ಚಿಲ್ಲರೆ ಸರಿಯಾಗಿ ಕೊಡುತ್ತಿದ್ದರು. ದಿನಾ ಸಂಜೆ ಖಂಡಪ್ಪ ಅಲ್ಲಿ ಕೂತು ಎರಡು ಭಜಿ ತಿನ್ನುತ್ತಿದ್ದ, ಅವಳು ಅಂದಿನ ದಿನವನ್ನೆಲ್ಲ ಅವನ ಮುಂದೆ ಹೇಳಿ ಮುಗಿಸುತ್ತಿದ್ದಳು. ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಲಗ್ನವಾಗುವುದಕ್ಕೆ ಉಡಿಕಿ ಎನ್ನುತ್ತಾರೆ. ಹಿರಿಯರು ಹೂಂ ಅಂದು, ಹೊಸ ಸೀರೆ ಉಡಿಸಿದರೆ ಮುಗಿಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಡ ಮಾಡುವಂತೆಯೂ ಇರಲಿಲ್ಲ. ಅವಳ ಅಣ್ಣ ಅವಳನ್ನು ಸುರಪುರದ ಕಡೆಯ ಒಬ್ಬ ಅರವತ್ತರ ಮುದುಕನಿಗೆ ಮಾತಾಡಿಬಿಟ್ಟಿದ್ದ. ದೀಪಾವಳಿ ಅಮಾವಾಸ್ಯೆಗೆ ಬಂದು ಕರೆದೊಯ್ಯುತ್ತೇನೆ, ಅಷ್ಟರೊಳಗೆ ನೀನೇ ಯಾರನ್ನಾದರೂ ಮಾಡಿಕೊಂಡರೆ ನನ್ನ ಅಡ್ಡಿಯಿಲ್ಲ ಎಂದಿದ್ದ. ಉಳಿದದ್ದು ಹದಿನಾರು ದಿನ.

ಈಗ ಹೇಳಲಿಕ್ಕೆ ನಾಚಿಕೆಯಾಗುತ್ತದೆ. "ಒಳ್ಳೇದಾತಪ್ಪ" ಎನ್ನುವ ಬದಲು ನಾನು, "ಪರಿಣಾಮ ಏನಾಗ್ತದ ವಿಚಾರ ಮಾಡಿಯೇನು?" ಎಂದೆ. ಅವನು ಹೋಗಿ ಗಂಟೆ ಬಾರಿಸಿದ. ಪಾಠ ಬಿಡಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಸುದ್ದಿ ಊರಿಗೆ ಮುಟ್ಟಿತು. ಜನ ಒಬ್ಬೊಬ್ಬರಾಗಿ ನನ್ನ ಮನೆಗೆ ಬರತೊಡಗಿದರು. ಕಾಲುವೆಯ ಹಿಂಗಾರು ಪಾಳಿ ಹಚ್ಚುವುದಿತ್ತು, ಎರಡು ಮನೆ ಪಾಲಾಗುವುದಿತ್ತು, ಮೂರು ಲಗ್ನದ ಮಾತುಕತೆ ನಡುವೆ ನಿಂತಿತ್ತು. ಇಂಥ ಹೊತ್ತಿನಲ್ಲಿ ಖಂಡಪ್ಪ ಲಗ್ನವಾಗಿ ಬದಲಾಗಿಬಿಟ್ಟರೆ? ಕೊನೆಗೆ ಅಮಾವಾಸ್ಯೆಗೆ ಎರಡು ದಿನ ಮುಂಚೆ, ರವಿವಾರ ಮಧ್ಯಾಹ್ನ ಹನ್ನೆರಡಕ್ಕೆ, ಶಾಲೆಯ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಖಂಡಪ್ಪನನ್ನು ಎಂದಿನಂತೆ ನಡುವೆ ಕೂಡಿಸಿದರು. ಅವನದೇ ಲಗ್ನದ ಪಂಚಾಯ್ತಿಗೆ ಅವನನ್ನೇ ಯಾಕೆ ಕೂಡಿಸಬೇಕು ಎಂದು ಯಾರೂ ಕೇಳಲಿಲ್ಲ. ಅವನಿಲ್ಲದೆ ಪಂಚಾಯ್ತಿ ಮಾಡುವುದು ಹೇಗೆಂಬುದೇ ಜನಕ್ಕೆ ಮರೆತುಹೋಗಿತ್ತು.

ಈಶಪ್ಪ ಸಾಹುಕಾರ ಶುರು ಮಾಡಿದ. "ಹಂಪವ್ವನ ಮ್ಯಾಲ ನಮಗ ಸಿಟ್ಟಿಲ್ಲ. ಒಳ್ಳೆ ಹೆಣ್ಣುಮಗಳು. ಆದ್ರ ಒಂದು ಮಾತು ಕೇಳ್ತೀನಿ. ಲಗ್ನ ಆಗಿ ಬದಲಾಗದ ಗಂಡಸನ್ನ ನಿಮ್ಮಾಗ ಯಾರಾರ ನೋಡೀರೇನು?" ಗಂಡಸರೆಲ್ಲ ನೆಲ ನೋಡಿದರು.

ಸುಲ್ತಾನಸಾಬ ಮೆತ್ತನೆಯ ಮನುಷ್ಯ. "ಒಂದು ಕೆಲಸ ಮಾಡೋಣ್ರಿ. ಲಗ್ನ ಆಗ್ಲಿ. ಆದ್ರ ಆಕಿ ಆಕಿ ಮನ್ಯಾಗ, ಅವ ಅವನ ಮನ್ಯಾಗ. ಬ್ಯಾಸಗ್ಯಾಗ ಕೆನಾಲ್ ಬಂದ್ ಇರ್ತದಲ್ಲ, ಆವಾಗ ಎರಡು ತಿಂಗಳು ಕೂಡಿ ಇರ್ಲಿ" ಎಂದ.

"ಎರಡು ತಿಂಗಳದಾಗ ಆಗೋದೆಲ್ಲಾ ಆಗಿಹೋಗ್ತದ ಸುಲ್ತಾನ, ನಿನಗೇನು ಗೊತ್ತಿಲ್ಲೇನು?" ಎಂದು ಯಾರೋ ಅಂದರು. ಪಡಸಾಲೆಯೆಲ್ಲ ನಕ್ಕಿತು.

"ಮಾಸ್ತರ್ರ, ನೀವು ಹೇಳ್ರಿ. ಆ ಕರಿ ಪುಡಿಗೆ ಲಗ್ನ ಮಾಡಿದ್ರ ನಡೀತದೇನು?" ಎಂದು ಈಶಪ್ಪ ನನ್ನ ಕಡೆ ತಿರುಗಿದ.

ಇಂಥ ಪ್ರಶ್ನೆಗೆ ಥೂ ಎಂದು ಎದ್ದು ಹೋಗಬೇಕಿತ್ತು. ನಾನು ಕನ್ನಡಕ ಒರೆಸುತ್ತ, "ವಿಜ್ಞಾನದಾಗ ಇದಕ್ಕ ಆಧಾರ ಸಿಗಂಗಿಲ್ಲ" ಎಂದೆ. ಹೌದು, ಹಾಗೇ ಅಂದೆ. ಹೇಡಿ ನಾನು.

ಎಲ್ಲರೂ ಒಪ್ಪಿದರು. ಲಗ್ನ ಬೇಡ. ಪಡಸಾಲೆಯ ಗಡಿಯಾರ ನೋಡಿದೆ, ಒಂಬತ್ತು ನಿಮಿಷ ಹಿಡಿದಿತ್ತು. ನಾಲ್ಕು ವರ್ಷದಲ್ಲಿ ಅಷ್ಟು ಬೇಗ ಯಾವ ಫೈಸಲೆಯೂ ಆಗಿರಲಿಲ್ಲ. ಆಮೇಲೆ ರೂಢಿಯಂತೆ ಎಲ್ಲರೂ ಖಂಡಪ್ಪನ ಮುಖ ನೋಡಿದರು. ಅವನು ಒಮ್ಮೆ ಬಸ್ ನಿಲ್ಲುವ ಜಾಗದ ಕಡೆ ನೋಡಿದ. ಆಮೇಲೆ ಗೋಣು ಹಾಕಿದ. "ನೋಡ್ರಿ ಅವನ ತಾಕತ್ತು!" ಎಂದು ಈಶಪ್ಪ ನಿಜವಾಗಿಯೂ ಹೆಮ್ಮೆಯಿಂದ ಹೇಳಿದ. ಒಂದಿಬ್ಬರು ಚಪ್ಪಾಳೆ ಹೊಡೆದರು.

ಆಗ ಹಂಪಮ್ಮ ಬಂದಳು. ಕೈಗೆ ಕಡಲೆಹಿಟ್ಟು ಹತ್ತಿತ್ತು, ಒಲೆಯ ಮುಂದಿನಿಂದ ಹಾಗೇ ಎದ್ದು ಬಂದಿದ್ದಳು.

"ಮುಗೀತೇನ್ರಿ?"

"ಮುಗೀತವ್ವ. ಎಲ್ಲಾರೂ ಬ್ಯಾಡ ಅಂದ್ರು. ಅವನೂ ಗೋಣು ಹಾಕ್ಯಾನ" ಎಂದ ಈಶಪ್ಪ.

"ಅವ ಯಾವಾಗ ಹಾಕಿಲ್ರಿ? ಅದನ್ನ ಕೇಳಾಕೇ ಬಂದೀನಿ." ಪಡಸಾಲೆಯ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. "ಇವತ್ತ ಮುಂಜಾನಿ ಅವನ ಮನಿ ನೋಡಾಕ ಹೋಗಿದ್ದೆ. ಬಾಳುವಿ ಮಾಡಾಕ ಬರೋಳು ನಾನು, ಮನಿ ಹೆಂಗದ ನೋಡಬೇಕಲ್ಲ. ಹಿತ್ತಲ ಕಡಿ ಬಾಗಿಲಾ ಇಲ್ಲ. ಚೌಕಟ್ಟು ಅದ, ಬಾಗಿಲಾ ಇಲ್ಲ. ಬೀದಿ ನಾಯಿ ಬಂದು ಒಳಗ ಮಲಗ್ಯಾವ. ಬಾಗಿಲಾ ಎಲ್ಲಿ ಹೋತು ಅಂದ್ರ ಇವ ಹೇಳವಲ್ಲ. ಬಾಜೂ ಮನಿ ಖಾಸಿಂಬೀ ಹೇಳಿದಳು. ಅಣ್ಣತಮ್ಮರು ಮನಿ ಪಾಲು ಮಾಡ್ಕೊಂಡ್ರಂತ, ನಡುವ ಗ್ವಾಡಿ ಹಾಕಿದ ಮ್ಯಾಲ ಒಂದು ಬಾಗಿಲಾ ಕಮ್ಮಿ ಬಿತ್ತಂತ. ಎಲ್ಲಿಂದ ತಂದ್ರಿ ಆ ಬಾಗಿಲಾ?"

ಇಬ್ಬರು ಅಣ್ಣತಮ್ಮಂದಿರು ಅಲ್ಲೇ ಕೂತಿದ್ದರು. ಒಬ್ಬನ ಮುಖ ಇನ್ನೊಬ್ಬ ನೋಡಿದ.

"ಅವರವ್ವನ ತಾಮ್ರದ ಕೊಡ ಎಲ್ಲದ? ಬೀಗರು ಕೊಡ ಕೊಟ್ಟಿಲ್ಲ ಅಂತ ಲಗ್ನ ನಿಂತಿತ್ತಂತ, ಯಾರ ಲಗ್ನ ಅಂತ ನಾ ಹೇಳಂಗಿಲ್ಲ, ಅವರು ಇಲ್ಲೇ ಅದಾರ. ಬೀಸೋ ಕಲ್ಲು ಎಲ್ಲದ? ಹೊದ್ಕೊಳ್ಳೋ ಕೌದಿ ಎಲ್ಲದ? ಅಡವಿಯಾಗ ಇರೋ ಸನ್ಯಾಸಿ ಹತ್ರನೂ ಒಂದು ಕೌದಿ ಇರ್ತದ್ರಿ!" ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು. "ಅಲ್ಲಿಂದ ಹೊಲಕ್ಕ ಹೋದೆ. ಸುತ್ತಲೂ ಹಸುರ ಅದ, ನಡುವ ಇವನ ಎರಡು ಎಕರೆ ಬಾಯಿ ಬಿಟ್ಕೊಂಡು ಬಿದ್ದದ. ಮಂಗಳವಾರ ಮೂರು ತಾಸು ನೀರು ಇತ್ತಂತಲ್ರಿ ಇವಂದು? ಈಶಪ್ಪ ಕಾಕಾ, ನಿಮ್ಮದೂ ಸುಲ್ತಾನ ಮಾಮಾಂದೂ ಜಗಳ ಹರಿದದ್ದು ಹೆಂಗ? ಮೂರು ತಾಸದಾಗ ಒಂದು ಯಾರ ಪಾಲಿಗೆ ಹೋತು? ಉಳಿದ ಎರಡು?"

ಪಡಸಾಲೆಯಲ್ಲಿ ಕೂತ ಒಬ್ಬೊಬ್ಬನಿಗೂ ತನ್ನ ತನ್ನ ತುಣುಕು ಗೊತ್ತಿತ್ತು. ಯಾರು ನೀರಿನ ತಾಸು ತೆಗೆದುಕೊಂಡಿದ್ದರೋ ಅವರಿಗೆ ಆ ತಾಸು ಗೊತ್ತು, ಯಾರು ಕೊಡ ಒಯ್ದಿದ್ದರೋ ಅವರಿಗೆ ಆ ಕೊಡ ಗೊತ್ತು. ಕಮ್ಮಿ ಬಿದ್ದದ್ದನ್ನು ಅವನ ಮೇಲೆ ಹಾಕಿದರೆ ಅವನು ಒಲ್ಲೆ ಎನ್ನುವುದಿಲ್ಲ, ಅಷ್ಟೇ ಅವನ ತಾಕತ್ತು. ಒಂದು ಸಣ್ಣ ಸಾಮಾನು, ಅವನಿಗೇನು ಹೆಚ್ಚು ಎಂದು ಪ್ರತಿಯೊಬ್ಬನೂ ಅಂದುಕೊಂಡಿದ್ದ.

"ಅವ ಖರ್ಚಾಗಂಗಿಲ್ಲ ಅಂತೀರಿ ನೀವೆಲ್ಲಾ. ಖರ್ಚಾಗಿ ಮುಗ್ಯಾಕ ಬಂದಾನ್ರಿ ಅವ! ಇನ್ನ ಉಳಿದದ್ದು ನಾನೊಬ್ಬಾಕಿ. ಇವತ್ತ ಅದನ್ನೂ ತಗೊಂಡ್ರಿ" ಎಂದಳು ಹಂಪಮ್ಮ. ಆಮೇಲೆ ನನ್ನ ಕಡೆ ನೋಡಿ, "ಸರ, ನೀವು ಮಲಗೋ ಹೊರಸು ಯಾರದ್ರಿ?" ಎಂದು ಕೇಳಿದಳು.

ಮೂರು ವರ್ಷದ ಹಿಂದೆ ನನ್ನ ಬಾಡಿಗೆ ಮನೆಯ ಮಾಲಕ ತನ್ನ ಮಗಳ ಬಾಣಂತನಕ್ಕೆಂದು ನನ್ನ ಹೊರಸು ಎತ್ತಿಕೊಂಡು ಹೋಗಿದ್ದ. ನಾನು ಹಾರಾಡಿದ್ದೆ, ನೆಲದ ಮೇಲೆ ಮಲಗಿದರೆ ನನಗೆ ಸೊಂಟ ಹಿಡಿಯುತ್ತದೆ. ಖಂಡಪ್ಪ ಬಂದು ಕೂತಿದ್ದ, ಗೋಣು ಹಾಕಿದ್ದ, ಸಂಜೆಗೆ ಒಂದು ಹೊರಸು ಬಂದಿತ್ತು. ಮಾಲಕ ಹೆದರಿ ಕೊಟ್ಟ ಎಂದು ಖುಷಿಪಟ್ಟು ಅದರ ಮೇಲೆ ಮೂರು ವರ್ಷ ನಿದ್ದೆ ಮಾಡಿದ್ದೆ. ಯಾರದೆಂದು ಒಂದು ದಿನವೂ ಕೇಳಿರಲಿಲ್ಲ.

ಅಷ್ಟರಲ್ಲಿ ಖಂಡಪ್ಪ ಎದ್ದು ನಿಂತ. ಪಂಚಾಯ್ತಿಯ ನಡುವೆ ಅವನು ಎದ್ದದ್ದು ಅದೇ ಮೊದಲು.

"ಮಂಗಳವಾರದ ನೀರು ನನ್ನದ್ರಿ. ಅದು ನನಗ ಬೇಕು. ಬಾಗಿಲಾ ಬೇಕು" ಎಂದ. ಸ್ವಲ್ಪ ತಡೆದು, "ಹಂಪವ್ವ ಬೇಕು" ಎಂದ.

ಗದ್ದಲ ಶುರುವಾಯಿತು. ಯಪ್ಪಾ, ಅದೆಂಥ ಗದ್ದಲ! ಒಂದು ತಾಸು ಸುಲ್ತಾನ ಒಯ್ದಾನೆಂದು ಈಶಪ್ಪ, ಉಳಿದ ಎರಡು ನಿಮ್ಮ ನೆಲ್ಲೇ ಕುಡಿದಾವೆಂದು ಸುಲ್ತಾನಸಾಬ, ಬಾಗಿಲು ನಿನ್ನ ಪಾಲಿಗೆ ಬಂದದ್ದೆಂದು ಅಣ್ಣ, ಕೇಳಿಕೊಂಡವನು ನೀನೆಂದು ತಮ್ಮ. ಖಂಡಪ್ಪ ನಡುವೆಯೇ ನಿಂತಿದ್ದ, ಆದರೂ ಜಗಳ ಹರಿಯಲಿಲ್ಲ, ಏರುತ್ತಲೇ ಹೋಯಿತು. ಹಿಂದಿನಿಂದ ಒಬ್ಬ, "ಕೆಟ್ಟಿತು! ಮ್ಯಾಂಗನೀಸ್ ಕೆಟ್ಟಿತು!" ಎಂದು ಚೀರಿದ. ಎಲ್ಲರೂ ನನ್ನ ಕಡೆ ತಿರುಗಿದರು, ರಿಪೇರಿ ಮಾಡು ಎನ್ನುವಂತೆ.

ನಾನು ಕುರ್ಚಿ ಹತ್ತಿ ನಿಂತೆ. "ಕೆಟ್ಟಿಲ್ಲ! ಕೆಟ್ಟದ್ದು ನನ್ನ ಪಾಠ!" ಎಂದು ಒದರಿದೆ. "ಆ ಕರಿ ಪುಡಿ ಸುಮ್ಮನ ಕೂಡ್ರಂಗಿಲ್ಲ. ಅದೂ ಕಾಯ್ತದ, ಅದೂ ಬೇಯ್ತದ, ಹರಳು ಇದ್ದದ್ದು ಸವೆದು ಹಿಟ್ಟಾಗ್ತದ. ಕೊನಿಗೆ ತಕ್ಕಡ್ಯಾಗ ತೂಕ ಅಷ್ಟ ಬರ್ತದಂತ ನಾ ಅದಕ್ಕ ಏನೂ ಆಗಿಲ್ಲ ಅಂದೆ. ಈ ಮನುಷ್ಯಾಗ ತಕ್ಕಡೀನೂ ಹಿಡೀಲಿಲ್ಲ. ತಪ್ಪು ನಂದು, ನಂದು, ನಂದು!" ಕುರ್ಚಿ ಅಲುಗಾಡಿ ಬೀಳುವಂತಾಯಿತು. ಯಾರಿಗೂ ಪೂರ್ತಿ ತಿಳಿಯಲಿಲ್ಲವೇನೋ. ಆದರೆ ಮಾಸ್ತರು ತಪ್ಪು ಎಂದು ಒಪ್ಪಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ, ಅದಕ್ಕೇ ಒಂದು ಗಳಿಗೆ ಸುಮ್ಮನಾದರು.

ನಾನು ಸೀದಾ ಮನೆಗೆ ಹೋದೆ. ಹಾಸಿಗೆ ಕೆಳಗೆಸೆದು, ಹೊರಸನ್ನು ತಲೆಯ ಮೇಲೆ ಹೊತ್ತು ಊರ ನಡುವೆ ನಡೆದೆ. ಐವತ್ತು ವರ್ಷದ ಮಾಸ್ತರು ಮಟಮಟ ಮಧ್ಯಾಹ್ನ ನಾಲ್ಕು ಕಾಲು ಮೇಲೆ ಮಾಡಿದ ಹೊರಸು ಹೊತ್ತು ಹೊರಟರೆ ಜನ ಬಿಡುತ್ತಾರೆಯೇ? ಯಾರು ಸತ್ತರು ಎಂದು ಮುದುಕಿಯರು ಕೇಳಿದರು. ಖಂಡಪ್ಪನ ಮನೆಯಲ್ಲಿ ಇಳಿಸಿ ತಿರುಗಿ ನೋಡುತ್ತೇನೆ, ಅಣ್ಣತಮ್ಮಂದಿರು ಬಾಗಿಲು ಹೊತ್ತು ಬರುತ್ತಿದ್ದರು, ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಬೈಯುತ್ತ. ಅವರ ಹಿಂದೆ ಬೀಸುವ ಕಲ್ಲು ಉರುಳಿಸಿಕೊಂಡು ಬಂದರು. ಕೌದಿ ಬಂತು. ತಾಮ್ರದ ಕೊಡ ಮರುದಿನ ಬಂತು, ಅದು ಸಗರಕ್ಕೆ ಸೊಸೆಯ ಜೊತೆ ಹೋಗಿತ್ತು. ಅಮಾವಾಸ್ಯೆಯ ಮುಂಜಾನೆ ಹಂಪಮ್ಮನ ಅಣ್ಣ ಬಂದಾಗ ಅವಳು ಹೊಸ ಹಸಿರು ಸೀರೆಯುಟ್ಟು ಗಂಡನ ಮನೆಯ ಮುಂದೆ ಅವನಿಗೇ ಚಹಾ ಸೋಸುತ್ತಿದ್ದಳು. ಮುದುಕನ ಮಾತು ಎತ್ತಲಿಕ್ಕೂ ಅವನಿಗೆ ಬಾಯಿ ಬರಲಿಲ್ಲ.

ನೀರು ಮಾತ್ರ ಕೂಡಲೇ ಬರಲಿಲ್ಲ. ಬಾಗಿಲು ಹೊತ್ತು ತಂದಷ್ಟು ಸುಲಭವಾಗಿ ಯಾರೂ ನೀರು ಹೊತ್ತು ತಂದು ಕೊಡುವುದಿಲ್ಲ. ಎರಡು ವಾರ ಖಂಡಪ್ಪ ರಜೆ ಹಾಕಿ ಇಬ್ಬರ ಹೊಲಕ್ಕೂ ಹೋಗಿ ಕೇಳಿದ.

ಮೂರನೆಯ ಮಂಗಳವಾರ ನನಗೂ ಹೆಡ್ಮಾಸ್ತರರಿಗೂ ವೇಳಾಪಟ್ಟಿಯ ಮೇಲೆ ಹತ್ತಿಕೊಂಡಿತು. ಕಾಲಿಗೆ ಬಿದ್ದ ರೂಢಿ, ನಾನು ಸಿಟ್ಟಿನಲ್ಲಿ ಸೀದಾ ಖಂಡಪ್ಪನ ಮನೆಗೆ ನಡೆದುಬಿಟ್ಟಿದ್ದೆ. "ಒಂದು ಗಳಿಗಿ ಬಂದು ಕೂಡ್ರಬೇಕಿತ್ತವ್ವ" ಎಂದೆ. ಹಂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವರು ಕೂಡ್ರಂಗಿಲ್ರಿ ಸರ. ನೀರು ಬಿಡಾಕ ಹೋಗ್ಯಾರ" ಎಂದಳು.

ಹೊಲಕ್ಕೆ ಹೋದೆ. ದೂರದಿಂದಲೇ ಒಂದು ದನಿ ಕೇಳಿಸಿತು. ಎಂಥ ದನಿ! ಈಶಪ್ಪನ ಆಳು ಮೇಲಿನ ತೂಬು ಅರ್ಧ ಮುಚ್ಚಿದ್ದನಂತೆ, ಖಂಡಪ್ಪ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಆ ಆಳಿನ ಮೂರು ತಲೆಮಾರನ್ನು ಒಂದೊಂದಾಗಿ ತೊಳೆಯುತ್ತಿದ್ದ. ಇಲ್ಲಿ ಬರೆಯಲು ಬಾರದಂಥ ಮಾತು. ಮೀಸೆ ಬೋಳಿಸಿದ್ದ, ಬೀರುವಿನಿಂದ ಬಿಡಿಸಿಕೊಂಡ ಹೊಸ ಅಂಗಿ ಕೆಸರಾಗಿತ್ತು. ಅವನ ಹಿಂದೆ ಆ ಬಿರುಕು ನೆಲದಲ್ಲಿ ನೀರು ಇಷ್ಟಿಷ್ಟೇ ಮುಂದೆ ಹೋಗುತ್ತಿತ್ತು. ನಾನು ಒಡ್ಡಿನ ಮೇಲೆ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅವನು ತಿರುಗಿ ನನ್ನನ್ನು ಕಂಡ.

"ಏನ್ ನೋಡ್ಕೋತ ನಿಂತೀರಿ ಸರ? ಅಲ್ಲಿ ಒಡ್ಡು ಒಡ್ಯಾಕತ್ತದ, ಕಣ್ಣು ಕಾಣಂಗಿಲ್ಲೇನು? ಸಲಿಕಿ ತಗೋರಿ!"

ನಾಲ್ಕು ವರ್ಷದಲ್ಲಿ ಅವನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಧೋತರ ಮೇಲೆ ಕಟ್ಟಿ, ಚಪ್ಪಲಿ ಬಿಟ್ಟು, ಸಲಿಕೆ ಹಿಡಿದು ಕೆಸರಿಗಿಳಿದೆ.